ಗೀಟು ಎಳೆದ ವೃತ್ತ

ಉಟ್ರೆಕ್ಟ್, ಇಳಿದ ದಿನ

ಹಾಲೆಂಡಿನಲ್ಲಿ ಮೆಟ್ಟಿಲಿಗೂ ಏಣಿಗೂ ಹೆಚ್ಚು ವ್ಯತ್ಯಾಸವಿಲ್ಲ. ನಾನು ಉಳಿದುಕೊಂಡಿದ್ದ ಗೆಳತಿ ಮರೈಕೆಯ ಮನೆಯ ಮೆಟ್ಟಿಲು ನೆಟ್ಟಗೆ ಗೋಡೆ ಹತ್ತುತ್ತದೆ. ಒಂದೊಂದರ ಮೇಲೂ ಅರ್ಧ ಪಾದ ಮಾತ್ರ ಊರಬಹುದು. ಅದರ ಮೇಲೆ ಸೂಟ್‌ಕೇಸು ಎಳೆಯುತ್ತಿದ್ದಾಗ ಜಿಪ್ಪು ಕಿತ್ತುಹೋಯಿತು. ಕೊಟ್ಟೂರಿನಲ್ಲಿ ಅತ್ತಿಗೆ ಕಟ್ಟಿಕೊಟ್ಟಿದ್ದ ಖಾರ ಮಂಡಕ್ಕಿಯ ಚೀಲ ಜಾರಿ ಒಡೆದು, ಮೇಲಿನಿಂದ ಕೆಳಗಿನ ಬಾಗಿಲಿನವರೆಗೂ ಮೆಟ್ಟಿಲೆಲ್ಲ ಹಳದಿಯಾಯಿತು. ಕೆಳಗೆ ನಿಂತಿದ್ದ ಮರೈಕೆ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡು, ಇದನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುವುದೇ ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಆಕೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕಲೇಟಿನ ಸಣ್ಣ ಕಾಳು ಉದುರಿಸಿಕೊಂಡು ತಿಂಡಿ ಮುಗಿಸಿದ್ದನ್ನು ನೋಡಿದ ಮೇಲೆ, ಅದು ತಮಾಷೆಯಲ್ಲ, ಈ ದೇಶದ ಪದ್ಧತಿ ಎಂದು ತಿಳಿಯಿತು.

ಮರೈಕೆಯೂ ನನ್ನ ಹಾಗೆಯೇ ರಕ್ತದ ಕ್ಯಾನ್ಸರಿನ ಸಂಶೋಧನೆಯಲ್ಲಿ ತಲೆ ನರೆಸಿಕೊಂಡವಳು. ಲ್ಯುಕೇಮಿಯಾ ಸಾಮಾನ್ಯವಾಗಿ ವಂಶದಲ್ಲಿ ಬರುವ ಕಾಯಿಲೆಯಲ್ಲ. ಆದರೆ ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಒಂದೇ ಒಂದು ಜೀನು ಕೆಟ್ಟು, ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಅಂಥವರ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಚೂರು ತಾಗಿದರೂ ಮೈ ನೀಲಿಗಟ್ಟುತ್ತದೆ. ಅವರಲ್ಲಿ ಕೆಲವರಿಗೆ ಮುಂದೆ ಲ್ಯುಕೇಮಿಯಾ ಬರುತ್ತದೆ. ಬೆಂಗಳೂರಿನಲ್ಲಿ ನನ್ನ ನೌಕರಿಯ ಆಯುಷ್ಯವೆಲ್ಲ ಇಂಥ ಮನೆತನಗಳನ್ನು ಹುಡುಕುವುದರಲ್ಲೇ ಹೋಗಿದೆ. ಅದರಲ್ಲಿ ನನಗೆ ಹೆಸರು ತಂದದ್ದು ಕೂಡ್ಲಿಗಿ ಮತ್ತು ಕೊಟ್ಟೂರಿನ ನಡುವಿನ ಒಂದು ಹಳ್ಳಿಯ ಕುರಿ ಸಾಕುವ ಮನೆತನ. ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಆ ಮನೆತನದ ಬಗ್ಗೆ ಮಾತಾಡಲೆಂದೇ ನನ್ನನ್ನು ಉಟ್ರೆಕ್ಟಿನ ಸಂಶೋಧಕರ ಸಭೆಗೆ ಕರೆದಿದ್ದರು.

ಸಂಜೆ ಮರೈಕೆ ಕಾಲುವೆಯ ದಂಡೆಗುಂಟ ನಡೆಸಿಕೊಂಡು ಹೋದಳು. ಇಲ್ಲಿನ ಮನೆಗಳ ಕಿಟಕಿಗೆ ಪರದೆಯಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ಉಣ್ಣುವುದು, ಓದುವುದು, ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದು ಎಲ್ಲ ಕಾಣುತ್ತದೆ. ಯಾರೂ ನಿಂತು ನೋಡುವುದಿಲ್ಲ. ನಾನೊಬ್ಬಳೇ ಪ್ರತಿ ಕಿಟಕಿಯ ಮುಂದೆ ನಿಧಾನವಾಗುತ್ತಿದ್ದೆ. ಮರೈಕೆ ಎರಡು ಸಲ ನನ್ನ ತೋಳು ಹಿಡಿದು ಮೆಲ್ಲಗೆ ಮುಂದಕ್ಕೆಳೆದಳು.

ಭಾನುವಾರ, ಕನ್ನಡದವರ ಊಟ

ಉಟ್ರೆಕ್ಟಿನ ಸುತ್ತಮುತ್ತಲಿನ ಕನ್ನಡದವರು ತಿಂಗಳಿಗೊಮ್ಮೆ ಒಂದು ಸಭಾಂಗಣದಲ್ಲಿ ಸೇರಿ ಊಟ ಮಾಡುತ್ತಾರೆ. ನಾನು ಬರುವ ಸುದ್ದಿ ಮರೈಕೆಯ ಪ್ರಯೋಗಾಲಯದ ಒಬ್ಬ ಹುಡುಗಿಯಿಂದ ಅವರಿಗೆ ಮುಟ್ಟಿತ್ತು. ಊಟಕ್ಕೆ ಮುಂಚೆ ನಿಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತಾಡಿ ಎಂದು ಅವರ ಕಾರ್ಯದರ್ಶಿ ವಿಜಯಕುಮಾರ್ ಫೋನು ಮಾಡಿದರು. ಬಳ್ಳಾರಿ ಸೀಮೆಯವರು ಇಲ್ಲಿ ಅಪರೂಪವಂತೆ. ಒಬ್ಬರು ಉತ್ತರದ ಊರಿಂದ ನಿಮಗೋಸ್ಕರವೇ ರೈಲು ಹತ್ತಿ ಬರುತ್ತಿದ್ದಾರೆ ಎಂದೂ ಹೇಳಿದರು. ನಾನು ಉಬ್ಬಿಹೋದೆ.

ಕನ್ನಡದಲ್ಲಿ ವಿಜ್ಞಾನ ಹೇಳುವಾಗ ನನಗೆ ಹುರುಪು ಜಾಸ್ತಿ. ಸಭೆಗೆಂದು ಸಿದ್ಧಮಾಡಿದ್ದ ಚಿತ್ರಗಳನ್ನೇ ಪರದೆಯ ಮೇಲೆ ಹಾಕಿದೆ. ಆ ಮನೆತನದ ವಂಶವೃಕ್ಷ ತೋರಿಸಿ, ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು, ಕಾಯಿಲೆ ಬಂದವರಿಗೆ ಕಪ್ಪು ತುಂಬುತ್ತೇವೆ, ತೀರಿಕೊಂಡವರ ಮೇಲೆ ಓರೆಯಾಗಿ ಒಂದು ಗೀಟು ಎಳೆಯುತ್ತೇವೆ ಎಂದು ವಿವರಿಸಿದೆ. ಹೆಸರುಗಳನ್ನು ತೆಗೆದಿದ್ದೆ. ಹೆಸರು ತೆಗೆದರೆ ಗುಟ್ಟು ಉಳಿಯುತ್ತದೆ ಎಂಬುದು ನಮ್ಮ ವೃತ್ತಿಯ ನಂಬಿಕೆ.

ಆಮೇಲೆ ಎಲ್ಲ ಭಾಷಣದಲ್ಲೂ ಹೇಳುವ ಕಥೆ ಹೇಳಿದೆ. ಈ ಮನೆತನದ ತಾಯಿಯ ಕಡೆಯ ಅಜ್ಜನಿಗೆ ಹಲ್ಲುನೋವು. ಹಿರೇಹಡಗಲಿಯ ಹತ್ತಿರ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದಾಗ ಹಲ್ಲಿಗೆ ದಾರ ಬಿಗಿದು, ದಾರದ ಇನ್ನೊಂದು ತುದಿಯನ್ನು ಟಗರಿನ ಕೋಡಿಗೆ ಕಟ್ಟಿ, ಟಗರನ್ನು ಹೆದರಿಸಿ ಓಡಿಸಿದನಂತೆ. ಹಲ್ಲು ಬಂತು, ರಕ್ತ ನಿಲ್ಲಲಿಲ್ಲ. ಅಜ್ಜ ಅದರಲ್ಲೇ ಹೋದ. ನಮಗೆ ಸಿಕ್ಕ ಮೊದಲ ಸುಳಿವು ಆ ಹಲ್ಲು. ಟಗರು ಓಡಿದಲ್ಲಿ ಜನ ನಗುತ್ತಾರೆ, ಕೊನೆಗೆ ಸುಮ್ಮನಾಗುತ್ತಾರೆ. ಎಲ್ಲಿ ಎಷ್ಟು ನಿಲ್ಲಿಸಬೇಕು ಎಂಬುದು ನನಗೆ ಬಾಯಿಪಾಠ. ಅಂದೂ ನಕ್ಕರು, ಅಂದೂ ಸುಮ್ಮನಾದರು.

ಊಟವಾದ ಮೇಲೆ ಪಾತ್ರೆ ತೊಳೆಯುವ ಕೋಣೆಗೆ ಕೈ ತೊಳೆಯಲು ಹೋದೆ. ಅಲ್ಲಿ ಮೂವತ್ತು ದಾಟಿದ ಹೆಣ್ಣುಮಗಳೊಬ್ಬಳು ನಲ್ಲಿ ಬಿಟ್ಟುಕೊಂಡು, ಖಾಲಿ ತೊಟ್ಟಿಯನ್ನೇ ನೋಡುತ್ತ ನಿಂತಿದ್ದಳು. ಉತ್ತರದಿಂದ ರೈಲು ಹತ್ತಿ ಬಂದವಳು ಈಕೆಯೇ. ಇಲ್ಲಿ ಅವಳನ್ನು ರೇಣುಕಾ ಎಂದು ಕರೆಯುತ್ತೇನೆ.

"ಮೇಡಂ, ಆ ನಡುವಿನ ಸಾಲಿನ ಕರೇ ವೃತ್ತ," ಎಂದಳು, "ಅದು ನಮ್ಮವ್ವೇನ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಟಗರಿನ ಕೋಡಿಗೆ ಹಲ್ಲು ಕಟ್ಟಿದಾವ ನಮ್ಮಜ್ಜರಿ. ಇನ್ನೊಬ್ಬ ಹಂಗ ಮಾಡಿರಾಕ ಸಾಧ್ಯಿಲ್ಲ. ಅವ್ವನ ಮ್ಯಾಲೆ ಗೀಟು ಹಾಕೀರಿ. ಅವ್ವ ಹೋಗ್ಯಾಳೇನು?"

ಹೌದೆಂದು ತಲೆಯಾಡಿಸಿದೆ. ಕೆಳಗಿನ ಸಾಲಿನಲ್ಲಿ ಹಿರಿಯಣ್ಣನ ಚೌಕದ ಪಕ್ಕದ ಕಪ್ಪು ಚೌಕ ತನ್ನ ನಡುವಿನಣ್ಣನೇ ಎಂದು ಕೇಳಿದಳು. ಅದಕ್ಕೂ ಹೌದು ಎಂದೆ. ಅವಳು ನಲ್ಲಿ ಬಂದ್ ಮಾಡಿದಳು.

"ಅವನ ಆಚಿಗೆ ಗೀಟು ಎಳದದ್ದೊಂದು ಬಿಳೇ ವೃತ್ತ ಐತೆಲ್ರಿ. ಅದು ನಾನು."

ಇಲ್ಲಿ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ತಾಯಿ ಸತ್ತ ಸುದ್ದಿಯನ್ನು ಆಗತಾನೆ ನನ್ನ ಬಾಯಿಂದ ಕೇಳಿದವಳು ಎದುರಿಗೆ ನಿಂತಿದ್ದಳು. ನನ್ನ ತಲೆಯಲ್ಲಿ ಮಾತ್ರ, ಒಂದು ಜೀವಂತ ಮಾದರಿ ಸಿಕ್ಕಿತು, ವೃಕ್ಷದ ಒಂದು ಕೊಂಬೆ ತೆರೆಯಿತು ಎಂಬ ಯೋಚನೆ ಓಡಿತು. ಬಾಯಿಂದ ಹೊರಬಿದ್ದದ್ದೂ ಅದೇ.

"ನಿಮ್ಮ ರಕ್ತ ಕೊಡೋಕೆ ಆಗ್ತದಾ?" ಎಂದೆ.

ಅವಳು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು. ಸಭಾಂಗಣದಲ್ಲಿ ಉಳಿದ ಪಾಯಸ ಬಡಿಸುತ್ತಿದ್ದರು. ಮೇಡಂ ಇನ್ನೊಂದು ಸೌಟು ಎಂದು ವಿಜಯಕುಮಾರ್ ಒತ್ತಾಯ ಮಾಡಿ ಹಾಕಿದರು. ಅದನ್ನೂ ತಿಂದೆ.

ಸೋಮವಾರ, ತಪ್ಪಿದ ರೈಲು

ರೇಣುಕಾ ಬೆಳಿಗ್ಗೆ ವಿಜಯಕುಮಾರರಿಂದ ನನ್ನ ನಂಬರು ಪಡೆದು, ಮನೆಗೆ ಬರಬೇಕು, ಕೇಳುವುದಿದೆ ಎಂದು ಸಂದೇಶ ಕಳಿಸಿದ್ದಳು. ಅವಳ ಊರು ಉತ್ತರದ ಖ್ರೋನಿಂಗನ್ ಕಡೆ, ಸಮುದ್ರದ ಹತ್ತಿರ.

ಆ ಕಡೆಗೆ ಹೋಗುವ ರೈಲು ಝ್ವೊಲ್ಲೆ ಎಂಬ ನಿಲ್ದಾಣದಲ್ಲಿ ಎರಡಾಗಿ ಒಡೆಯುತ್ತದೆ ಎಂದು ಮರೈಕೆ ಹೇಳಿದ್ದಳು. ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ. ನಾನು ಕೇಳಿಸಿಕೊಂಡಿದ್ದೆ, ಆದರೆ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಕೊಟ್ಟೂರಿನ ನಿಲ್ದಾಣದಲ್ಲಿ ರೈಲು ಹತ್ತಿದರೆ ಇಡೀ ರೈಲು ಒಂದೇ ಕಡೆ ಹೋಗುತ್ತದೆ. ಹಗರಿಬೊಮ್ಮನಹಳ್ಳಿ ಬರಬೇಕಾದಲ್ಲಿ ಹರಿಹರ ಬಂದರೆ ಅದು ಹತ್ತಿದವರ ತಪ್ಪು. ಇಲ್ಲಿ ಸರಿಯಾದ ರೈಲು ಹತ್ತಿಯೂ ತಪ್ಪು ಊರು ಮುಟ್ಟಬಹುದು. ನಾನು ಕೂತದ್ದು ಬೇರೆ ಊರಿಗೆ ಹೋಗುವ ಅರ್ಧದಲ್ಲಿ. ಎದುರಿಗೆ ಸಾಕ್ಸ್ ಹೆಣೆಯುತ್ತ ಕೂತಿದ್ದ ಮುದುಕಿ ನನ್ನ ಫೋನಿನಲ್ಲಿದ್ದ ಊರ ಹೆಸರು ನೋಡಿ, ಅಯ್ಯೋ ಎನ್ನುವಂತೆ ಕೆನ್ನೆಗೆ ಕೈ ಇಟ್ಟುಕೊಂಡಳು. ಮುಂದಿನ ನಿಲ್ದಾಣದಲ್ಲಿ ತಾನೂ ಇಳಿದು, ವಾಪಸು ರೈಲಿನ ಬಾಗಿಲಿನವರೆಗೆ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟಳು. ತನ್ನ ರೈಲು ತಪ್ಪಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಗುರುತಿಲ್ಲದವಳಿಗಾಗಿ ಆಕೆ ಇಳಿದದ್ದನ್ನು ನೆನೆದಾಗ, ನಿನ್ನೆ ಪಾತ್ರೆ ಕೋಣೆಯಲ್ಲಿ ನಾನು ಆಡಿದ ಮಾತು ಇನ್ನಷ್ಟು ಚುಚ್ಚಿತು.

ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರೇಣುಕಾ ಊಟಕ್ಕೆ ಕಾದಿದ್ದಳು. ಜೋಳದ ಹಿಟ್ಟು ಇಲ್ಲಿ ಸರಿಯಾಗಿ ಸಿಗುವುದಿಲ್ಲವೆಂದು ಬೇರೆ ಯಾವುದೋ ಹಿಟ್ಟಿನಲ್ಲಿ ರೊಟ್ಟಿ ಬಡಿದಿದ್ದಳು. ಅಂಚು ಒಡೆದಿತ್ತು. ಪಲ್ಯಕ್ಕೆ ಮಾತ್ರ ನಮ್ಮ ಕಡೆಯದೇ ಗುರೆಳ್ಳು ಪುಡಿ.

ಬಡಿಸುತ್ತಲೇ ತನ್ನ ಕಥೆ ಹೇಳಿದಳು. ಗಂಡ ಮಂಜುನಾಥ ಹರಪನಹಳ್ಳಿಯವನು, ಜಾತಿ ಬೇರೆ. ಅಲ್ಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರಿಪೇರಿ ಕಲಿತಿದ್ದ. ಈಗ ಇಲ್ಲಿ ಸಮುದ್ರದ ನಡುವಿನ ಗಾಳಿಯಂತ್ರಗಳಿಗೆ ಹೋಗುತ್ತಾನೆ. ಅಂದೂ ದೋಣಿಯಲ್ಲಿ ಹೋಗಿದ್ದ. ಮದುವೆಯಾದ ಮೇಲೆ ಊರಿನಿಂದ ಒಂದು ಫೋನೂ ಬಂದಿಲ್ಲ. ಇವಳು ಮಾಡಿದರೆ ಎತ್ತುವುದಿಲ್ಲ.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಐದಾರು ವರ್ಷದ ಚುರುಕು ಮಗು. ಜಾಕೆಟ್ಟು ಬಿಚ್ಚಿದಾಗ ಮೊಣಕೈ ಕೆಳಗೆ, ಕಾಲ ಮೇಲೆ ನೀಲಿ ಕಲೆಗಳು ಕಂಡವು. ಹಳೆಯವು ಹಳದಿಗೆ ತಿರುಗಿದ್ದವು. ನೋಡಿದೊಡನೆ ಗೊತ್ತಾಗುವಷ್ಟು ಸಲ ಅಂಥ ಕಲೆಗಳನ್ನು ನೋಡಿದ್ದೇನೆ.

ಆ ಕಲೆಗಳಿಂದಲೇ ಈ ಮನೆಗೆ ಕಷ್ಟ ಬಂದಿತ್ತು. ಮನೆಯಲ್ಲಿ ಮಗುವನ್ನು ಹೊಡೆಯುತ್ತಾರೋ ಎಂದು ಶಾಲೆಯವರಿಗೆ ಅನುಮಾನ. ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬ ಹೆಂಗಸು ಬಂದು ಗಂಡ-ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದ್ದಳು. ಅಂದಿನಿಂದ ಮಂಜುನಾಥ ಮಗಳನ್ನು ಎತ್ತಿ ಆಡಿಸುವುದನ್ನೇ ಬಿಟ್ಟಿದ್ದ. ಡಾಕ್ಟರು ರಕ್ತ ನೋಡಿ, ಹೆಪ್ಪುಗಟ್ಟಿಸುವ ಕಣ ಸ್ವಲ್ಪ ಕಡಿಮೆ ಇವೆ, ಜ್ವರ ಬಂದುಹೋಗಿದ್ದರಿಂದ ಇರಬಹುದು ಎಂದಿದ್ದರು. ಮನೆತನದಲ್ಲಿ ಯಾರಿಗಾದರೂ ರಕ್ತದ ಕಾಯಿಲೆ ಉಂಟೇ ಎಂದೂ ಕೇಳಿದ್ದರಂತೆ.

"ಏನೂ ಇಲ್ಲ ಅಂದ್ನಿರಿ," ಎಂದಳು ರೇಣುಕಾ. "ನನಗೇನು ಗೊತ್ತಿತ್ತು? ನಿಮಗ ಗೊತ್ತಿತ್ತಲ್ರಿ ಎಲ್ಲಾ. ನನ್ನನ್ಯಾಕ ಹುಡುಕಲಿಲ್ಲ?"

ಹುಡುಕಬಹುದಾಗಿತ್ತು. ಆ ಮನೆಯ ಪಡಸಾಲೆಯಲ್ಲಿ ಕೂತು ಹಿರಿಯಣ್ಣನಿಂದ ಎಲ್ಲರ ವಿವರ ಬರೆದುಕೊಂಡವಳು ನಾನೇ. ಈ ಮಗಳ ಸರದಿ ಬಂದಾಗ ಅವನು "ಆಕಿ ಇಲ್ರಿ" ಎಂದಿದ್ದ. ತೀರಿಕೊಂಡರಾ ಎಂದು ಕೇಳಿದೆ. "ಹಂಗ ತಿಳ್ಕೊಳ್ರಿ" ಎಂದ. ಬೆಂಗಳೂರಿನ ನನ್ನ ವಿದ್ಯಾರ್ಥಿಗಳಿಗೆ ಆ ಮಾತಿನ ಒಳಗು ತಿಳಿಯದಿದ್ದರೆ ಸರಿ. ನಾನು ಕೊಟ್ಟೂರಿನಲ್ಲಿ ಹುಟ್ಟಿ ಬೆಳೆದವಳು. ಓಡಿಹೋಗಿ ಮದುವೆಯಾದ ಹೆಣ್ಣುಮಕ್ಕಳ ಬಗ್ಗೆ ಮನೆಯವರು ಹೇಗೆ ಮಾತಾಡುತ್ತಾರೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಗೀಟು ಎಳೆದೆ. ಸತ್ತವರಾದರೆ ಹುಡುಕಿಕೊಂಡು ಹೋಗಿ ರಕ್ತ ತರುವ ಕೆಲಸವಿರುವುದಿಲ್ಲ.

ಅದನ್ನು ರೇಣುಕಾಳಿಗೆ ಹೇಳಿದೆ. ತಪ್ಪಾಯಿತು ಎಂದೆ. ನಿನ್ನೆ ರಕ್ತ ಕೇಳಿದ್ದಕ್ಕೂ ಕ್ಷಮೆ ಕೇಳಿದೆ. ಅವಳು ತಲೆ ತಗ್ಗಿಸಿ ಮಗಳ ಕೂದಲು ಬಾಚುತ್ತಿದ್ದಳು.

ಜಡೆ ಹಾಕಿ ಮುಗಿಸಿದ ಮೇಲೆ ಕೇಳಿದಳು: "ಆಸ್ಪತ್ರಿಯಾಗ ಅವ್ವನ ಕೂಡ ಮಾತಾಡಿದ್ರೇನು?"

ಬಹಳ ಸಲ ಮಾತಾಡಿದ್ದೆ ಎಂದೆ.

"ನನ್ನ ಬಗ್ಗೆ ಏನರ ಅಂದ್ಲೇನ್ರಿ?"

ನೆನಪು ಮಾಡಿಕೊಳ್ಳಲು ನೋಡಿದೆ. ಬೆಂಗಳೂರಿನ ವಾರ್ಡಿನಲ್ಲಿ ಆ ತಾಯಿಯ ಮಂಚದ ಪಕ್ಕ ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ಮೂಗಿನಿಂದ ರಕ್ತ ಬರುತ್ತಿತ್ತೇ, ಹೆರಿಗೆಯಲ್ಲಿ ಎಷ್ಟು ಹೋಯಿತು, ಅಣ್ಣತಮ್ಮಂದಿರು ಯಾವುದರಿಂದ ಸತ್ತರು ಎಂದು ಕೇಳಿದ್ದೇನೆ. ಅವಳು ಉತ್ತರಕ್ಕಿಂತ ಉದ್ದಕ್ಕೆ ಏನೇನೋ ಹೇಳುತ್ತಿದ್ದಳು. ನನಗೆ ಬೇಕಾದ್ದು ಬಂದೊಡನೆ ನಾನು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಆ ಉಳಿದ ಮಾತುಗಳಲ್ಲಿ ಈ ಮಗಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದಿದ್ದಳು ಎಂದು ಸುಳ್ಳು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ನಾನು ಕೇಳಿಸಿಕೊಳ್ಳಲಿಲ್ಲ," ಎಂದೆ.

ರೇಣುಕಾ ಎದ್ದು ತಟ್ಟೆ ತೆಗೆದಳು. ಒಳಗೆ ಬಹಳ ಹೊತ್ತು ನೀರಿನ ಸದ್ದು ಬರುತ್ತಿತ್ತು. ಮಗು ನನ್ನ ಮುಂದೆ ಡಚ್ ಭಾಷೆಯ ಚಿತ್ರಪುಸ್ತಕ ಹಿಡಿದುಕೊಂಡು ಬಂದು, ಒಂದೊಂದು ಪ್ರಾಣಿಯ ಹೆಸರನ್ನೂ ನನ್ನಿಂದ ಹೇಳಿಸಿ, ನಾನು ತಪ್ಪಿದಾಗಲೆಲ್ಲ ನಗುತ್ತ ತಿದ್ದಿತು.

ಹೊರಡುವಾಗ ಇಬ್ಬರೂ ಕೂತು ಮುಂದಿನದನ್ನು ನಿರ್ಧರಿಸಿದೆವು. ಮಗುವಿನ ಡಾಕ್ಟರಿಗೆ ನಾನು ಎಲ್ಲ ವಿವರ ಬರೆದುಕೊಡುವುದು. ಪರೀಕ್ಷೆ ಇಲ್ಲಿನ ಆಸ್ಪತ್ರೆಯಲ್ಲೇ ಆಗಲಿ, ರಕ್ತ ನನ್ನ ಸಂಶೋಧನೆಗೆ ಬೇಡ ಎಂದು ನಾನೇ ಹೇಳಿದೆ. ಊರಿನವರಿಗೆ ತನ್ನ ಸುದ್ದಿ ಹೇಳಬಾರದೆಂದು ಅವಳು ಮಾತು ತೆಗೆದುಕೊಂಡಳು. ನೀವು ಬದುಕಿದ್ದೀರಿ ಎಂದಾದರೂ ಹೇಳಬೇಡವೇ ಎಂದೆ.

"ಅದೀನಿ ಅಂತ ಅವರಿಗೆ ಗೊತ್ತೈತ್ರಿ," ಎಂದಳು. "ಗೊತ್ತಿಲ್ಲದಿದ್ದದ್ದು ನಿಮಗ ಒಬ್ಬರಿಗೆ."

ಬುಧವಾರ, ಸಭೆ

ಸಭೆಯ ದಿನ ಮಳೆ. ಮರೈಕೆ ಮಳೆಯಲ್ಲೇ ಸೈಕಲ್ ತುಳಿದುಕೊಂಡು ಹೋದಳು. ನಾನು ಬಸ್ಸಿನಲ್ಲಿ ಹೋದರೂ ಆಕೆಗಿಂತ ಹೆಚ್ಚು ತೊಯ್ದಿದ್ದೆ. ಇಲ್ಲಿನ ಗಾಳಿಗೆ ನನ್ನ ಛತ್ರಿ ನಿಲ್ದಾಣದಲ್ಲೇ ತಿರುವುಮುರುವಾಗಿ ಹೋಯಿತು.

ಹಿಂದಿನ ದಿನ ಮರೈಕೆಗೆ ಎಲ್ಲ ಹೇಳಿಕೊಂಡಿದ್ದೆ. ಆಕೆ ಸಮಾಧಾನದ ಮಾತು ಆಡಲಿಲ್ಲ. ಉತ್ತರದ ಆ ಡಾಕ್ಟರು ತನಗೆ ಪರಿಚಯವೇ ಎಂದು ನೋಡಿ, ನನ್ನ ಎದುರೇ ಫೋನು ಮಾಡಿದಳು. ಆಮೇಲೆ ನನ್ನ ಚಿತ್ರಗಳನ್ನು ಇಬ್ಬರೂ ನೋಡಿದೆವು. ಟಗರಿನ ಕಥೆ ತೆಗೆದೆ. ಆ ಮನೆಯ ಮುಂದಿನ ಕುರಿಹಟ್ಟಿಯ ಫೋಟೋ ತೆಗೆದೆ. ವೃಕ್ಷವನ್ನು ಏನು ಮಾಡಲಿ ಎಂದು ರೇಣುಕಾಳಿಗೇ ಫೋನು ಮಾಡಿ ಕೇಳಿದೆ. "ಗೀಟು ತೆಗೀರಿ. ಕರೇದು ಮಾತ್ರ ತುಂಬಬ್ಯಾಡ್ರಿ, ಇನ್ನೂ ಗೊತ್ತಿಲ್ಲಲ್ಲ," ಎಂದಳು.

ಭಾಷಣ ಒಣಗಿದ ಹಾಗಿತ್ತು. ನಗುವ ಜಾಗದಲ್ಲಿ ಏನೂ ಇರಲಿಲ್ಲ. ಮುಗಿದ ಮೇಲೆ ತರುಣ ಸಂಶೋಧಕನೊಬ್ಬ ಬಂದು ಕೈಕುಲುಕಿದ. ನಾನು ಹಿಂದೆ ಪ್ರಕಟಿಸಿದ್ದ ಲೇಖನದಲ್ಲಿ ಸತ್ತಿದ್ದಾಳೆಂದಿದ್ದ ಒಬ್ಬಳು ಈಗ ಬದುಕಿರುವುದನ್ನು ಗಮನಿಸಿದ್ದನಂತೆ. ಎಷ್ಟು ಒಳ್ಳೆಯ ಅದೃಷ್ಟ, ಮಾದರಿ ಸಿಕ್ಕಿತೇ ಎಂದು ಕಣ್ಣರಳಿಸಿ ಕೇಳಿದ. ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟು ಬರಲಿಲ್ಲ. ಪಾತ್ರೆ ಕೋಣೆಯಲ್ಲಿ ನನ್ನ ದನಿ ಹೇಗೆ ಕೇಳಿಸಿರಬೇಕು ಎಂದು ಮಾತ್ರ ಅವನ ಮುಖ ನೋಡುತ್ತ ಗೊತ್ತಾಯಿತು. ಅದು ನನ್ನ ತಪ್ಪು, ಆಕೆ ಯಾವತ್ತೂ ಸತ್ತಿರಲಿಲ್ಲ ಎಂದು ಹೇಳಿ ಚಹಾ ಕುಡಿಯದೆ ಹೊರಗೆ ಬಂದೆ.

ಕೂಡ್ಲಿಗಿಯ ದಾರಿ

ಬೆಂಗಳೂರಿಗೆ ಬಂದ ಮೇಲೆ ಉತ್ತರದ ಆಸ್ಪತ್ರೆಯ ಫಲಿತಾಂಶವನ್ನು ರೇಣುಕಾಳೇ ತಿಳಿಸಿದಳು. ಕೆಟ್ಟ ಜೀನು ಅವಳಲ್ಲೂ ಇದೆ, ಮಗಳಲ್ಲೂ ಇದೆ. ಹಾಗೆಂದರೆ ಲ್ಯುಕೇಮಿಯಾ ಬಂದೇ ಬರುತ್ತದೆ ಎಂದಲ್ಲ. ಆದರೆ ಜೀವನವಿಡೀ ಎಚ್ಚರದಿಂದ ರಕ್ತ ನೋಡಿಸಿಕೊಳ್ಳುತ್ತಿರಬೇಕು. ಕಚೇರಿಯ ಹೆಂಗಸು ಮತ್ತೊಮ್ಮೆ ಮನೆಗೆ ಬಂದು, ಇನ್ನು ತಮ್ಮ ಪ್ರಶ್ನೆಗಳು ಮುಗಿದವು ಎಂದು ಹೇಳಿ ಹೋದಳಂತೆ. ಅಂದು ಸಂಜೆ ಮಂಜುನಾಥ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರದ ದಂಡೆಗೆ ಹೋಗಿದ್ದ.

ನಾನು ಕೂಡ್ಲಿಗಿ ಕಡೆಗೆ ಹೊರಟೆ. ಆ ಮನೆಯವರಿಗೆ ಹೇಳಬೇಕಾದದ್ದು ಇತ್ತು. ಅವರ ಅಜ್ಜನ ಸಾವನ್ನು ಊರೂರಲ್ಲಿ, ಮೊನ್ನೆ ಹಾಲೆಂಡಿನಲ್ಲೂ, ಜನರನ್ನು ನಗಿಸುವ ಕಥೆಯಾಗಿ ಹೇಳಿದ್ದೆ ಎಂದು ಹಿರಿಯಣ್ಣನ ಮುಂದೆ ಒಪ್ಪಿಕೊಂಡೆ. ಅವನಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಅದಕ್ಕೇನಾತು ಬಿಡ್ರಿ ಎಂದು ಚಹಾ ತರಿಸಿದ. ಅವನ ರಕ್ತದಲ್ಲಿ ದೋಷವಿಲ್ಲವೆಂದು ಮೊದಲೇ ತಿಳಿದಿತ್ತು. ರೇಣುಕಾಳಿಗಿಂತ ಚಿಕ್ಕವಳಾದ ಕೊನೆಯ ತಂಗಿಯ ಪರೀಕ್ಷೆ ಮಾತ್ರ ಆಗಿರಲಿಲ್ಲ. ಗಂಡನ ಮನೆಯಲ್ಲಿ ಮಾತು ಬರುತ್ತದೆ ಎಂದು ಅಣ್ಣ ಆಗ ತಡೆದಿದ್ದ, ನಾನೂ ಒತ್ತಾಯಿಸಿರಲಿಲ್ಲ. ಈ ಸಲ ಅವಳನ್ನೇ ಕರೆಸಿ, ನಿರ್ಧಾರ ನಿಮ್ಮದು ಎಂದು ಎಲ್ಲ ಬಿಡಿಸಿ ಹೇಳಿದೆ. ಅವಳು ಅದೇ ಊರಿನ ಇನ್ನೊಂದು ಓಣಿಗೆ ಮದುವೆಯಾದವಳು. ಪರೀಕ್ಷೆಗೆ ಗಂಡನನ್ನು ಕರೆದುಕೊಂಡೇ ಬರುತ್ತೇನೆ ಎಂದಳು.

ಕಾರಿನವರೆಗೆ ನನ್ನ ಜೊತೆ ಬಂದಳು. ಬಾಗಿಲು ಹಿಡಿದುಕೊಂಡು, ಹಿಂದೆ ಅಣ್ಣ ಇದ್ದಾನೋ ಎಂದು ನೋಡಿ, ಮೆಲ್ಲಗೆ ಕೇಳಿದಳು:

"ನೀವು ಹೋಗಿದ್ದ ದೇಶದಾಗ ನಮ್ಮ ಕಡಿಯೋರು ಯಾರರ ಸಿಕ್ಕಿದ್ರೇನ್ರಿ, ಅಕ್ಕಾರ?"

ಮಾತು ಕೊಟ್ಟಿದ್ದೆ. ಹೌದು ಎನ್ನುವಂತಿಲ್ಲ. ಇಲ್ಲ ಎಂದರೆ ಮತ್ತೊಮ್ಮೆ ಅದೇ ಗೀಟು. ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳೂ ನನ್ನನ್ನು ನೋಡಿದಳು. ಆಮೇಲೆ "ಬ್ಯಾಡ್ರಿ, ಹೇಳಬ್ಯಾಡ್ರಿ" ಎಂದು ಕಾರಿನ ಬಾಗಿಲು ಹಾಕಿದಳು.

ಮಾತು ಉಳಿಸಿಕೊಂಡೆನೋ ಮುರಿದೆನೋ ನನಗೆ ತಿಳಿಯಲಿಲ್ಲ. ಕೊಟ್ಟೂರು ಮುಟ್ಟಿದ ಮೇಲೆ ರೇಣುಕಾಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಈ ಪ್ರವಾಸದ ಬಗ್ಗೆ ಬರೆಯಲೇ ಎಂದೂ ಕೇಳಿದೆ. ಹೆಸರು ಬದಲಿಸಿ ಬರೀರಿ ಎಂದಳು. ತಂಗಿಯ ವಿಷಯಕ್ಕೆ ಏನೂ ಹೇಳಲಿಲ್ಲ. ಸಿಟ್ಟು ಬಂದಿರಬೇಕೆಂದು ಮತ್ತೆ ಕ್ಷಮೆ ಕೇಳಲು ಹೊರಟೆ.

ಅವಳು ನಡುವೆಯೇ ತಡೆದಳು.

"ದಪ್ಪ ಆಗ್ಯಾಳೇನ್ರಿ ಆಕಿ?"

"ಸ್ವಲ್ಪ ಆಗ್ಯಾಳ," ಎಂದೆ.